ಎ.ಸಿ. ಗಾರ್ಡ್ಸ್ ಹುಡುಗಿಗೊಂದು ರಾಕೆಟ್

ಊರಿಂದ ಬಂದ ನೆಂಟರನ್ನು ಲಕಡಿಕಾಪುಲ್‌ನಿಂದ ಮಾಸಾಬ್ ಟ್ಯಾಂಕ್ ಕಡೆಗೆ ಆಟೊದಲ್ಲಿ ಕರೆದೊಯ್ಯುವಾಗ ಹತ್ತರಲ್ಲಿ ಎಂಟು ಮಂದಿ ಒಂದು ಬೋರ್ಡು ನೋಡಿ ನಗುತ್ತಾರೆ. ‘ಎ.ಸಿ. ಗಾರ್ಡ್ಸ್ ಅಂದ್ರ ಏನ್ರೀ? ನಿಮ್ಮ ಹೈದರಾಬಾದಿನಾಗ ಎ.ಸಿ.ಗೂ ಕಾವಲು ಇಡ್ತಾರೇನು?’ ಈ ಊರಿಗೆ ಬಂದ ಹೊಸತರಲ್ಲಿ ನಾನೂ ಇದೇ ಜೋಕು ಹೊಡೆದವನೇ. ಆಮೇಲೆ ಯಾರೋ ಹಿರಿಯರು ತಿಳಿಹೇಳಿದರು. ಎ ಅಂದರೆ ಆಫ್ರಿಕನ್, ಸಿ ಅಂದರೆ ಕ್ಯಾವಲ್ರಿ. ಆಫ್ರಿಕನ್ ಕುದುರೆ ಸವಾರರ ಕಾವಲು ದಳ.

ಹತ್ತೊಂಬತ್ತನೇ ಶತಮಾನದಲ್ಲಿ ವನಪರ್ತಿ ಸಂಸ್ಥಾನದ ರಾಜರ ಬಳಿ ಆಫ್ರಿಕಾ ಮೂಲದವರ ಒಂದು ಅಂಗರಕ್ಷಕ ದಳವಿತ್ತು. ಮುಂದೆ ಅದು ನಿಜಾಮರ ಸೇನೆಗೆ ಸೇರಿ ಈ ಹೆಸರು ಪಡೆಯಿತು. 1948ರ ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮರ ಸಂಸ್ಥಾನ ಹೋಯಿತು, ಅದರ ಬೆನ್ನಿಗೇ ದಳವೂ ಹೋಯಿತು, ಸವಾರರ ವಸತಿ ಮಾತ್ರ ಉಳಿಯಿತು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತಿಗೂ ಅಲ್ಲಿದ್ದಾರೆ. ಹೈದರಾಬಾದಿನ ಮದುವೆ ಮೆರವಣಿಗೆಗಳಲ್ಲಿ ಎದೆ ನಡುಗಿಸುವ ಮರ್ಫಾ ಬಡಿತ ಕೇಳಿದ್ದೀರಲ್ಲ, ಅದನ್ನು ಈ ಊರಿನಲ್ಲಿ ಜೀವಂತ ಇಟ್ಟವರಲ್ಲಿ ಸಿದ್ದಿಗಳೆಂದು ಕರೆಯುವ ಇವರೂ ಸೇರಿದ್ದಾರೆ. ತಾರ್ನಾಕಾ ಪಕ್ಕದ ಹಬ್ಸಿಗುಡಾದ ಹೆಸರಿನಲ್ಲೂ ಹಬ್ಶಿಯೇ, ಅಂದರೆ ಆಫ್ರಿಕಾದವನೇ, ಕೂತಿದ್ದಾನೆ ಎನ್ನುತ್ತಾರೆ. ನನ್ನ ಊರು ಬೀದರಿನಲ್ಲಂತೂ ಹಬ್ಶಿಕೋಟ್ ಎಂದೇ ಒಂದು ಗುಡ್ಡವಿದೆ. ಅಬಿಸೀನಿಯಾದಿಂದ ಬಂದು ಬಹಮನಿ ದರ್ಬಾರಿನಲ್ಲಿ ಸರದಾರರಾದವರ ಗೋರಿಗಳು ಅಲ್ಲಿವೆ.

ಇತಿಹಾಸ ಇಷ್ಟು ಸಾಕು. ನನಗೀಗ ಬೇಕಾಗಿರುವುದು ಭವಿಷ್ಯ, ಅದರಲ್ಲೂ ನಗೆ ತರಿಸುವ ಭವಿಷ್ಯ. ಆಫ್ರಿಕಾ ಮೂಲದವರ ಓಣಿ ಇರುವ ಇದೇ ಹೈದರಾಬಾದಿನಲ್ಲಿ ರಾಮೋಜಿ ಫಿಲ್ಮ್ ಸಿಟಿ ಇದೆ. ಕ್ರಿ.ಶ. 2898ರ ಕಾಶಿಯನ್ನು ತೋರಿಸಿದ ‘ಕಲ್ಕಿ’ ಚಿತ್ರದ ಬಹುಪಾಲು ಹುಟ್ಟಿದ್ದು ಈ ಊರಿನ ಸುತ್ತಮುತ್ತಲೇ. ದೇಶದ ಮಕ್ಕಳನ್ನು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಕೂರಿಸಿಟ್ಟಿರುವ ‘ಛೋಟಾ ಭೀಮ್’ ಕೂಡ ಇಲ್ಲಿಯ ಗ್ರೀನ್ ಗೋಲ್ಡ್ ಸ್ಟುಡಿಯೊದ ಕೂಸು. ಓಣಿ, ಫಿಲ್ಮ್ ಸಿಟಿ, ಕಾರ್ಟೂನ್ ಕಂಪನಿ ಮೂರೂ ಒಂದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿವೆ, ಆದರೆ ಒಂದನ್ನೊಂದು ಮಾತಾಡಿಸಿಲ್ಲ. ಕಪ್ಪು ಹೆಣ್ಣೊಬ್ಬಳು ನಾಯಕಿಯಾಗಿ ಆಕಾಶನೌಕೆ ಹತ್ತಿ ನಮ್ಮನ್ನೆಲ್ಲ ಹೊಟ್ಟೆ ಹಿಡಿದು ನಗಿಸುವ ಒಂದು ಕತೆ ಇಲ್ಲಿ ಯಾರಿಗೂ ಹೊಳೆದಿಲ್ಲ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಅಣ್ಣನ ಮಗಳಿಂದ. ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಅಮೆರಿಕದವರು ಹಗಲಲ್ಲಿ ಮಾಡಿಟ್ಟ ಗೋಜಲನ್ನು ಇವಳು ರಾತ್ರಿ ಕೂತು ಬಿಡಿಸಬೇಕು. ಒಂದು ಭಾನುವಾರ ಬಂದವಳು, ‘ಕಾಕಾ, ಒಂದ್ ಕಾರ್ಟೂನ್ ಅದ, ನೋಡ್ರಿ. ಥೇಟ್ ನಮ್ ಆಫೀಸೇ ಅದ’ ಎಂದು ಟಿ.ವಿ. ಹಚ್ಚಿದಳು. ‘ಸ್ಟಾರ್ ಟ್ರೆಕ್: ಲೋವರ್ ಡೆಕ್ಸ್’.

ಸ್ಟಾರ್ ಟ್ರೆಕ್ ಎಂದರೆ ನನಗೆ ಗೊತ್ತಿದ್ದದ್ದು ಗಂಭೀರ ಮುಖದ ಕಪ್ತಾನರು, ಚೂಪು ಕಿವಿಯ ಸ್ಪಾಕ್. ಇದು ಬೇರೆಯೇ. ಇಲ್ಲಿಯ ಹಡಗಿನ ಹೆಸರು ಸೆರಿಟೋಸ್. ದೊಡ್ಡ ಹಡಗುಗಳು ಹೊಸ ಗ್ರಹ ಕಂಡುಹಿಡಿದು, ಅಲ್ಲಿಯವರಿಗೆ ಕೈಕುಲುಕಿ, ಹೆಸರು ಮಾಡಿಕೊಂಡು ಮುಂದೆ ಹೋದ ಮೇಲೆ ಈ ಹಡಗು ಹಿಂದಿನಿಂದ ಹೋಗಿ ಉಳಿದ ಕಾಗದಪತ್ರದ ಕೆಲಸ ಮುಗಿಸಬೇಕು. ಕತೆಯಲ್ಲಿ ಇದಕ್ಕೆ ‘ಎರಡನೇ ಭೇಟಿ’ ಎಂದು ಹೆಸರು. ಹಡಗಿನ ಕೆಳ ಅಂತಸ್ತಿನಲ್ಲಿ, ಕಾರಿಡಾರಿನ ಬಂಕುಗಳಲ್ಲಿ ಮಲಗುವ ಕಿರಿಯ ನೌಕರರೇ ಕತೆಯ ಮುಖ್ಯ ಪಾತ್ರಗಳು. ಗಚ್ಚಿಬೌಲಿಯ ಹುಡುಗಿಗೆ ಅದು ತನ್ನ ಆಫೀಸು ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಇವರೆಲ್ಲರ ನಡುವಿನ ನಾಯಕಿ ಬೆಕೆಟ್ ಮ್ಯಾರಿನರ್. ಕಪ್ಪು ಹುಡುಗಿ. ಧ್ವನಿ ಕೊಟ್ಟವರು ಟಾನಿ ನ್ಯೂಸಮ್ ಎಂಬ ಕಪ್ಪು ನಟಿ. ಮೊದಲ ಕಂತಿನ ಶುರುವಿನಲ್ಲೇ ಅವಳು ಅನ್ಯಗ್ರಹದ ವಿಸ್ಕಿ ಕುಡಿದು ತೂರಾಡುತ್ತ, ಕ್ಲಿಂಗಾನ್ ಎಂಬ ಅನ್ಯಲೋಕದವರ ಬಾಗಿದ ಕತ್ತಿಯನ್ನು ಝಳಪಿಸಿ ಗೆಳೆಯ ಬೊಯಿಮ್ಲರನ ತೊಡೆಗೇ ಗಾಯ ಮಾಡುತ್ತಾಳೆ. ಆ ಬೊಯಿಮ್ಲರ್ ನಿಯಮದ ಪುಸ್ತಕ ಬಾಯಿಪಾಠ ಮಾಡಿದ ಪ್ರಮೋಷನ್ ಆಸೆಬುರುಕ. ಇವಳಿಗೋ ಎಲ್ಲ ಗೊತ್ತು, ಎಲ್ಲ ಕೈಬರುತ್ತದೆ, ಆದರೆ ಮೇಲಿನವರ ಮಾತು ಕೇಳುವುದೊಂದು ಆಗದು. ಹಲವು ಹಡಗುಗಳಿಂದ ಹೊರಬಿದ್ದು ಇಲ್ಲಿಗೆ ಬಂದವಳು. ಈ ಹಡಗಿನ ಕಪ್ತಾನಳು ಯಾರು? ಕ್ಯಾರಲ್ ಫ್ರೀಮನ್, ಇವಳ ಸ್ವಂತ ತಾಯಿ! ಶುರುವಿನಲ್ಲಿ ಹಡಗಿನ ಮಂದಿಗೆ ಈ ಸಂಬಂಧ ತಿಳಿಯದು. ತಾಯಿ ಹೆಡ್‌ಮಿಸ್ ಆಗಿರುವ ಶಾಲೆಯಲ್ಲಿ ಮಗಳು ಹಿಂದಿನ ಬೆಂಚಿನಲ್ಲಿ ಕೂತಂತೆ. ಬೈಗುಳ ಕಪ್ತಾನಳದೋ ಅಮ್ಮನದೋ ಎಂಬುದು ಇಬ್ಬರಿಗೇ ಗೊತ್ತು. ಈ ಜಗಳಕ್ಕೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು, ಇಂಗ್ಲಿಷ್ ಅಷ್ಟಾಗಿ ಬಾರದ ನನ್ನ ಅತ್ತಿಗೆ.

2020ರ ಆಗಸ್ಟಿನಲ್ಲಿ ಶುರುವಾಗಿ 2024ರ ಡಿಸೆಂಬರಿನಲ್ಲಿ ಮುಗಿದ ಈ ಸರಣಿಯಲ್ಲಿ ಐದು ಸೀಸನ್, ಐವತ್ತು ಕಂತು. ಉದ್ದಕ್ಕೂ ಮ್ಯಾರಿನರಳ ಬಣ್ಣ ಜೋಕಿನ ವಸ್ತು ಆಗುವುದಿಲ್ಲ. ಜೋಕು ಅವಳ ಸೋಮಾರಿತನದ್ದು, ಅಹಂಕಾರದ್ದು, ಪ್ರೀತಿಸಲು ಹೆದರುವ ಅವಳ ಮೊಂಡುತನದ್ದು. ಅಂದರೆ ಮನುಷ್ಯರಿಗೆ ಇರುವ ಎಲ್ಲ ಸಾಮಾನ್ಯ ದೋಷಗಳದ್ದು. ತಪ್ಪು ಮಾಡಿ, ಎಲ್ಲರನ್ನೂ ನಗಿಸಿ, ಮತ್ತೆ ಕತೆಯ ನಾಯಕಿಯಾಗಿಯೇ ಉಳಿಯುವ ಹಕ್ಕು ಅವಳಿಗಿದೆ. ಬಿಳಿಯ ನಟರಿಗೆ ಈ ಹಕ್ಕು ಚಾಪ್ಲಿನ್ ಕಾಲದಿಂದಲೂ ಇದೆ. ಕಪ್ಪು ಹೆಂಗಸಿಗೆ ಅದು ಎಷ್ಟು ತಡವಾಗಿ ಸಿಕ್ಕಿತು ಎಂದು ತಿಳಿಯಲು ಇದೇ ಸ್ಟಾರ್ ಟ್ರೆಕ್ಕಿನ ಹಳೆಯ ಅವತಾರಕ್ಕೆ ಹೋಗಬೇಕು.

1966ರಲ್ಲಿ ಮೂಲ ಸರಣಿ ಬಂದಾಗ ನಿಶೆಲ್ ನಿಕೋಲ್ಸ್ ಎಂಬ ನಟಿ ಉಹುರಾ ಪಾತ್ರ ಮಾಡಿದರು. ಸ್ವಾಹಿಲಿಯಲ್ಲಿ ಉಹುರು ಎಂದರೆ ಸ್ವಾತಂತ್ರ್ಯ. ಅಮೆರಿಕದ ಟಿ.ವಿ.ಯಲ್ಲಿ ಕಪ್ಪು ಹೆಂಗಸು ಎಂದರೆ ಸಾಮಾನ್ಯವಾಗಿ ಮನೆಗೆಲಸದಾಕೆ ಆಗಿದ್ದ ಕಾಲದಲ್ಲಿ ಉಹುರಾ ಆಕಾಶನೌಕೆಯ ಅಧಿಕಾರಿ. ಮೊದಲ ಸೀಸನ್ ಮುಗಿದಾಗ ಬಿಟ್ಟುಹೋಗಲು ಹೊರಟಿದ್ದ ತನ್ನನ್ನು ಸ್ವತಃ ಮಾರ್ಟಿನ್ ಲೂಥರ್ ಕಿಂಗ್ ತಡೆದರೆಂದು ನಿಕೋಲ್ಸ್ ಹಲವು ಸಲ ಹೇಳಿಕೊಂಡಿದ್ದಾರೆ. 1977ರಲ್ಲಿ ನಾಸಾ ಅವರ ಕೈಯಿಂದಲೇ ಹೆಂಗಸರನ್ನೂ ಕಪ್ಪು ಜನರನ್ನೂ ಗಗನಯಾನಕ್ಕೆ ಕರೆಸಿತು. ಚಿಕ್ಕಂದಿನಲ್ಲಿ ಉಹುರಾಳನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರ ಸೆಪ್ಟೆಂಬರ್ 12ರಂದು ಎಂಡೆವರ್ ನೌಕೆಯಲ್ಲಿ ಹಾರಿ, ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದರು. ಮರುವರ್ಷ ಅವರೇ ಸ್ಟಾರ್ ಟ್ರೆಕ್ಕಿನ ಒಂದು ಕಂತಿನಲ್ಲಿ ಬಂದು ನಟಿಸಿಯೂ ಹೋದರು.

ಇದೆಲ್ಲ ದೊಡ್ಡ ಸಂಗತಿಯೇ, ಸಂಶಯವಿಲ್ಲ. ಆದರೆ ಉಹುರಾ ಜಾರಿ ಬೀಳುವಂತಿರಲಿಲ್ಲ, ಕುಡಿದು ಹಾಡುವಂತಿರಲಿಲ್ಲ, ಕೆಲಸದಲ್ಲಿ ಎಡವಟ್ಟು ಮಾಡುವಂತಿರಲಿಲ್ಲ. ಮೊದಲು ಬಂದವರ ಪಾಡೇ ಇದು. ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ ಇದ್ದರೆ ಅವಳು ಫೇಲಾಗುವಂತಿಲ್ಲ, ಫೇಲಾದರೆ ಹೆಣ್ಣುಕುಲವೇ ಫೇಲು. ಉಹುರಾಳಿಂದ ಮ್ಯಾರಿನರವರೆಗೆ, ಘನತೆಯಿಂದ ಗಮ್ಮತ್ತಿಗೆ ಬರಲು 54 ವರ್ಷ ಹಿಡಿಯಿತು.

ಆ 54 ವರ್ಷದ ಆರಂಭಕ್ಕೆ ಸ್ವಲ್ಪ ಮುಂಚೆ ಆಫ್ರಿಕಾದಲ್ಲೇ ನಡೆದ ಒಂದು ಪ್ರಸಂಗ ನನಗೆ ಬಹಳ ಪ್ರಿಯ. 1964ರಲ್ಲಿ ಜಾಂಬಿಯಾ ಸ್ವತಂತ್ರವಾಗುವ ಹೊತ್ತಿಗೆ ಎಡ್ವರ್ಡ್ ಮಕುಕಾ ಎನ್‌ಕೊಲೊಸೊ ಎಂಬ ಶಾಲಾಮಾಸ್ತರರು, ನಾವು ಅಮೆರಿಕ ರಷ್ಯಾಗಳಿಗಿಂತ ಮೊದಲು ಚಂದ್ರನಿಗೆ ಹೋಗುತ್ತೇವೆ ಎಂದು ಸಾರಿದರು. ಹೋಗುವವಳು ಮಾತಾ ಮ್ವಾಂಬಾ, ಹದಿನೇಳರ ಹುಡುಗಿ. ಜೊತೆಗೆ ಎರಡು ಬೆಕ್ಕು. ತರಬೇತಿ ಎಂದರೆ ಎಣ್ಣೆ ಡ್ರಮ್ಮಿನೊಳಗೆ ಕೂರಿಸಿ ಗುಡ್ಡದಿಂದ ಉರುಳಿಸುವುದು. ಹೊರದೇಶದ ಪತ್ರಕರ್ತರು ಬಂದು ಫೋಟೊ ತೆಗೆದು, ಆಫ್ರಿಕಾದವರ ಹುಚ್ಚಾಟ ನೋಡಿ ಎಂದು ನಕ್ಕರು. ಹುಡುಗಿ ಬಸುರಾಗಿ ತವರಿಗೆ ಹೋದಳು, ಯೋಜನೆ ಅಲ್ಲಿಗೆ ನಿಂತಿತು.

ಜಾಂಬಿಯಾ ಮೂಲದ ಲೇಖಕಿ ನಾಮ್ವಾಲಿ ಸೆರ್ಪೆಲ್ ಅರ್ಧ ಶತಮಾನದ ನಂತರ ಈ ಪ್ರಕರಣವನ್ನು ಕೆದಕಿ ಬೇರೆ ಪ್ರಶ್ನೆ ಕೇಳಿದರು. ಆ ಮಾಸ್ತರು ನಿಜಕ್ಕೂ ಹುಚ್ಚನೋ, ಅಥವಾ ಶೀತಲ ಸಮರದ ದೊಡ್ಡಣ್ಣಂದಿರನ್ನೇ ಅಣಕಿಸುತ್ತಿದ್ದ ಚತುರನೋ? ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡ ಮನುಷ್ಯ ಆತ. ಬಿಳಿಯ ಪತ್ರಕರ್ತರು ತಾವು ನಗುತ್ತಿದ್ದೇವೆ ಎಂದುಕೊಂಡಿದ್ದಾಗ ಅವರನ್ನೇ ಆಟ ಆಡಿಸಿರಬಹುದು. ಸೆರ್ಪೆಲ್ ಅವರ ‘ದಿ ಓಲ್ಡ್ ಡ್ರಿಫ್ಟ್’ ಕಾದಂಬರಿಯಲ್ಲಿ ಮಾತಾ ಮತ್ತೆ ಬರುತ್ತಾಳೆ, ಈ ಸಲ ಸುದ್ದಿಚಿತ್ರದ ತಮಾಷೆಯಾಗಿ ಅಲ್ಲ, ಸ್ವಂತ ಪ್ರೀತಿ ಸ್ವಂತ ದುಃಖ ಇರುವ ಹೆಣ್ಣಾಗಿ. 2020ರಲ್ಲಿ ಅದಕ್ಕೆ ವೈಜ್ಞಾನಿಕ ಕಾದಂಬರಿಗಳಿಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಬಂತು.

ಅದೇ ಜಾಂಬಿಯಾದ ಮಲೆಂಗಾ ಮುಲೆಂಡೆಮಾ ಎಂಬಾಕೆ ಬರೆದ ‘ಸೂಪಾ ಟೀಮ್ 4’ ಎಂಬ ಕಾರ್ಟೂನು 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ಮುಂದಿನ ಕಾಲದ ಲುಸಾಕಾ ನಗರ, ನಾಲ್ಕು ಶಾಲಾ ಹುಡುಗಿಯರು, ಅವರಿಗೆ ತರಬೇತಿ ಕೊಡಲು ಮಾಮಾ ಕೆ ಎಂಬ ನಿವೃತ್ತ ಗುಪ್ತಚಾರಿಣಿ. ಲೋಕ ಕಾಪಾಡಬೇಕು, ಆದರೆ ಕೈಯಲ್ಲಿ ಕಾಸಿಲ್ಲ! ನಗೆಯ ಬುಗ್ಗೆ ಇರುವುದು ಅಲ್ಲೇ. ಡ್ರಮ್ಮಿನಲ್ಲಿ ಉರುಳಿದ ಹುಡುಗಿಯ ಊರಿನವರೇ ಈಗ ರಿಮೋಟು ಹಿಡಿದಿದ್ದಾರೆ. (ಮಾತಾಳ ಬೆಕ್ಕುಗಳು ನನಗೆ ಮತ್ತೆ ನೆನಪಾದದ್ದು 2023ರ ‘ದಿ ಮಾರ್ವೆಲ್ಸ್’ ನೋಡುವಾಗ. ಅಲ್ಲಿ ಅನ್ಯಲೋಕದ ಬೆಕ್ಕಿನ ಮರಿಗಳು ಬಾಹ್ಯಾಕಾಶ ನಿಲ್ದಾಣದ ಸಿಬ್ಬಂದಿಯನ್ನೆಲ್ಲ ನುಂಗಿ ಪ್ರಾಣ ಉಳಿಸುತ್ತವೆ! ನಿರ್ದೇಶಕಿ ನಿಯಾ ಡಕೋಸ್ಟಾ ಕಪ್ಪು ಮಹಿಳೆ, ಮೂವರು ನಾಯಕಿಯರಲ್ಲಿ ಒಬ್ಬಳಾದ ಮೋನಿಕಾ ರಾಂಬೊ ಕೂಡ. ಚಿತ್ರ ಸೋತಾಗ, ಹೆಂಗಸರನ್ನು ಹಾಕಿದ್ದಕ್ಕೇ ಸೋತಿತು ಎಂದವರು ಬಹಳ ಮಂದಿ. ಗಂಡಸರ ಚಿತ್ರ ಸೋತರೆ ಮಾತ್ರ ಕತೆ ಸರಿಯಿಲ್ಲ ಅನ್ನುತ್ತೇವೆ.)

ಇನ್ನು ನಮ್ಮ ಮನೆಗೆ ಬರೋಣ. ಹೆಣ್ಣು ನೋಡಿ ಬಂದವರು ಜಗಲಿಯಲ್ಲಿ ಕೂತು ಆಡುವ ಮಾತು ನಿಮಗೂ ಗೊತ್ತು: ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ.’ ಕಪ್ಪು ನಮ್ಮಲ್ಲಿ ಒಂದು ಬಣ್ಣವೇ ಅಲ್ಲ, ಬಣ್ಣದ ಕೊರತೆ. ಸಕ್ಕರೆ ಕಮ್ಮಿ, ಉಪ್ಪು ಕಮ್ಮಿ ಎಂದಂತೆ. ದ್ರೌಪದಿಗೆ ಕೃಷ್ಣೆ ಎಂಬ ಹೆಸರಿದೆ ಎಂದು ಹರಿಕಥೆಯಲ್ಲಿ ತಲೆದೂಗುತ್ತೇವೆ, ಟಿ.ವಿ.ಯ ದ್ರೌಪದಿಗೆ ಮಾತ್ರ ಪೌಡರು ಬೇಕು.

ಸಿನಿಮಾದ ಹಾಸ್ಯ ಈ ‘ಕಮ್ಮಿ’ಯ ಮೇಲೆಯೇ ಎಷ್ಟೋ ವರ್ಷ ಹೊಟ್ಟೆ ಹೊರೆದಿದೆ. 2007ರ ‘ಶಿವಾಜಿ’ ತಮಿಳಿನದಾದರೂ ಹೈದರಾಬಾದಿನಲ್ಲಿ ತೆಲುಗಿನಲ್ಲಿ ಅಬ್ಬರಿಸಿತು. ಅದರಲ್ಲಿ ಇಬ್ಬರು ಹುಡುಗಿಯರಿಗೆ ಮಸಿ ಬಳಿದಂತೆ ಮೇಕಪ್ ಮಾಡಿ, ಅವರು ತೆರೆಗೆ ಬಂದಾಗಲೆಲ್ಲ ನಗಬೇಕು ಎಂದು ಏರ್ಪಾಡು. ಬೇರೆ ಜೋಕೇ ಇಲ್ಲ, ಅವರ ಮುಖವೇ ಜೋಕು. ಮೂರು ವರ್ಷದ ನಂತರ ಅದೇ ನಿರ್ದೇಶಕ ಶಂಕರ್, ಅದೇ ರಜನೀಕಾಂತ್ ಜೋಡಿ ‘ಎಂದಿರನ್’ ಮಾಡಿ ರೋಬೊ ತಂದಿತು. ವಿಜ್ಞಾನ ಮುಂದೆ ಹೋಯಿತು, ನಾಯಕಿಯ ಬಣ್ಣದ ಅಳತೆ ಇದ್ದಲ್ಲೇ ಇತ್ತು.

‘ಛೋಟಾ ಭೀಮ್’ 2008ರಲ್ಲಿ ಪೋಗೊ ಚಾನೆಲ್ಲಿಗೆ ಬಂದದ್ದು. ಢೋಲಕಪುರದ ಪುಂಡ ಹುಡುಗನ ಹೆಸರೇನು? ಕಾಲಿಯಾ. ಕೃಷ್ಣ ಮೆಟ್ಟಿದ ಕಾಳಿಂಗನಿಂದ ಬಂದ ಹೆಸರು ಎಂದು ಯಾರಾದರೂ ವಾದಿಸಬಹುದು, ಒಪ್ಪೋಣ. ಆದರೆ ನಮ್ಮ ಶಾಲೆಗಳ ಆಟದ ಬಯಲಿನಲ್ಲಿ ಆ ಹೆಸರು ಯಾವ ಮಗುವಿಗೆ ಅಂಟಿಕೊಳ್ಳುತ್ತದೆ ಎಂದು ನೋಡಿದ ಮೇಷ್ಟ್ರುಗಳಿಗೆ ಪುರಾಣ ನೆನಪಾಗುವುದಿಲ್ಲ. ಹೆಸರಿಡುವಾಗ ಯಾರಿಗೂ ಕೆಟ್ಟ ಉದ್ದೇಶ ಇದ್ದಿರಲಿಕ್ಕಿಲ್ಲ. ಉದ್ದೇಶವೇ ಬೇಡದಷ್ಟು ರೂಢಿಯಾಗಿದೆ ಎಂಬುದು ನನ್ನ ತಕರಾರು.

ತೆಲುಗಿನವರಿಗೆ ವೈಜ್ಞಾನಿಕ ಹಾಸ್ಯ ಬರುವುದಿಲ್ಲ ಎನ್ನುವಂತೆಯೂ ಇಲ್ಲ. 1991ರಲ್ಲೇ ಸಿಂಗೀತಂ ಶ್ರೀನಿವಾಸರಾವ್ ‘ಆದಿತ್ಯ 369’ ಮಾಡಿದರು. ನಮ್ಮ ರಾಜ್‌ಕುಮಾರರಿಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಕೊಟ್ಟವರು ಇವರೇ, ಶಿವರಾಜ್‌ಕುಮಾರರ ಮೊದಲ ಚಿತ್ರ ‘ಆನಂದ್’ ಕೂಡ ಇವರದೇ. ‘ಆದಿತ್ಯ 369’ರ ಕಾಲಯಂತ್ರ ನಾಯಕ ನಟ ಬಾಲಕೃಷ್ಣರನ್ನು 1526ರ ವಿಜಯನಗರಕ್ಕೂ, ಅಲ್ಲಿಂದ 2504ಕ್ಕೂ ಹೊತ್ತೊಯ್ಯುತ್ತದೆ. ಇವತ್ತು ನೋಡಿದರೂ ಮಜಾ ಇದೆ. ನನ್ನದೊಂದು ಬೀದರದವನ ಹೊಟ್ಟೆಕಿಚ್ಚು: ಆ ಯಂತ್ರ ಸ್ವಲ್ಪ ಉತ್ತರಕ್ಕೆ ತಿರುಗಿ ನಮ್ಮ ಹಬ್ಶಿಕೋಟಿನ ಕಡೆ ಇಳಿದಿದ್ದರೆ, ದಖ್ಖನಿನ ದರ್ಬಾರುಗಳಲ್ಲಿ ಹುಕುಂ ನಡೆಸಿದ ಆಫ್ರಿಕಾದವರೂ ಕತೆಗೆ ಸಿಗುತ್ತಿದ್ದರು.

2024ರ ಜೂನ್ 27ಕ್ಕೆ ತೆರೆಕಂಡ ‘ಕಲ್ಕಿ 2898 ಎಡಿ’ಗೆ ಹಿರಿಯರಾದ ಇದೇ ಸಿಂಗೀತಂ ಮಾರ್ಗದರ್ಶಕರಾಗಿದ್ದರು. ನಾಗ್ ಅಶ್ವಿನ್ ಕಟ್ಟಿದ ಆ ಭವಿಷ್ಯಲೋಕದಲ್ಲಿ ಪ್ರೇಕ್ಷಕರನ್ನು ಚೆನ್ನಾಗಿ ನಗಿಸುವ ಹೆಣ್ಣುದನಿ ಯಾರದ್ದು ಗೊತ್ತೇ? ಬುಜ್ಜಿಯದು. ಬುಜ್ಜಿ ಒಂದು ಕಾರು! ಧ್ವನಿ ಕೀರ್ತಿ ಸುರೇಶ್. ನಾಯಕನನ್ನು ಕಾಲೆಳೆಯುವ, ಸಿಡುಕುವ, ಬೈಯುವ ಸ್ವಾತಂತ್ರ್ಯ ಕಾರಿಗೆ ಸಿಕ್ಕಿತು. ದೀಪಿಕಾ ಪಡುಕೋಣೆಯ ಪಾಲಿಗೆ ಬಂದದ್ದು ಬಸುರಿಯ ಸಂಕಟ. ಚಿತ್ರ ಬಂದ ವರ್ಷದಿಂದ 874 ವರ್ಷ ಮುಂದಿನ ಕತೆ ಇದು, ಹೆಣ್ಣು ನಗಿಸಬೇಕಾದರೆ ಅವಳಿಗೆ ಚಕ್ರ ಇರಬೇಕು.

ಹೆಣ್ಣೊಬ್ಬಳು ಭವಿಷ್ಯ ಹೇಳುತ್ತ ನಗಿಸುವುದು ನಮಗೆ ಹೊರಗಿನದ್ದೇನೂ ಅಲ್ಲವಲ್ಲ! ಕೊರವಂಜಿ ಯಾರು ಮತ್ತೆ? ಬುಟ್ಟಿ ಹೊತ್ತು ಊರೂರು ತಿರುಗಿ, ಅರಮನೆಗೂ ನುಗ್ಗಿ, ರಾಣಿಯ ಕೈ ಹಿಡಿದು ಕಣಿ ಹೇಳುತ್ತಲೇ ಅವಳ ಗುಟ್ಟುಗಳನ್ನು ಬಯಲು ಮಾಡಿ ಸಭೆಯನ್ನು ನಗಿಸುವವಳು. ನಮ್ಮ ಜನಪದ ರಂಗದಲ್ಲಿ ದೇವರೇ ಕೊರವಂಜಿಯ ವೇಷ ಹಾಕಿ ಬರುವುದುಂಟು. 1942ರಲ್ಲಿ ರಾಶಿಯವರು ಕನ್ನಡಕ್ಕೊಂದು ಹಾಸ್ಯಪತ್ರಿಕೆ ಬೇಕೆಂದು ಹೊರಟಾಗ ಇಟ್ಟ ಹೆಸರೂ ‘ಕೊರವಂಜಿ’ಯೇ. ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗ ಅದಕ್ಕೆ ಚಿತ್ರ ಬರೆದರು. ಬಿಸಿಲಲ್ಲಿ ತಿರುಗಿ ಕಪ್ಪಾದ, ಯಾರಿಗೂ ಸೊಪ್ಪು ಹಾಕದ, ನಾಳೆಯ ಸುದ್ದಿ ಇವತ್ತೇ ಹೇಳುವ ಆ ಹೆಂಗಸಿನ ಕೈಗೆ ಬೆತ್ತದ ಬದಲು ರಿಮೋಟು ಕೊಟ್ಟರೆ ಮ್ಯಾರಿನರಳಿಗೂ ಅವಳಿಗೂ ಏನು ವ್ಯತ್ಯಾಸ? ಕೊರವಂಜಿಯನ್ನು ನಾವು ರಂಗದ ಮೇಲೆ ಕುಣಿಸಿದೆವು. ಅವಳಿಗೆ ಪೂರಾ ಒಂದು ಕತೆ ಬರೆಯಲಿಲ್ಲ.

ನಟಿಯರ ವಿಷಯಕ್ಕೆ ಬಂದರೆ ಉಮಾಶ್ರೀ ನೆನಪಾಗದೆ ಇರಲಾರರು. ಗಾಂಧಿನಗರದ ನಾಯಕಿಯ ಅಳತೆಪಟ್ಟಿಗೆ ಸಿಗದ ಈ ನಟಿಯನ್ನು ಚಿತ್ರರಂಗ ವರ್ಷಗಟ್ಟಲೆ ದ್ವಂದ್ವಾರ್ಥದ ಹಾಸ್ಯಕ್ಕೆ ದುಡಿಸಿಕೊಂಡಿತು. ಇತ್ತ ರಂಗಭೂಮಿಯಲ್ಲಿ ‘ಒಡಲಾಳ’ದ ಸಾಕವ್ವನಾಗಿ ಅವರು ಏನು ಮಾಡಿದರು ಎಂದು ನೋಡಿದವರೇ ಹೇಳಬೇಕು. ಕೊನೆಗೆ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ತಂದಿತು. ನಗೆಗೆ ಗುರಿಯಾಗಿ ನಿಲ್ಲುವುದಕ್ಕೂ ನಗಿಸುವುದಕ್ಕೂ ಇರುವ ದೂರವನ್ನು ಕನ್ನಡದಲ್ಲಿ ಉಮಾಶ್ರೀಯವರಷ್ಟು ನಡೆದು ದಾಟಿದವರು ಇನ್ನೊಬ್ಬರಿಲ್ಲ. ಅವರು ಆಫ್ರಿಕಾ ಮೂಲದವರಲ್ಲ. ಆ ಮೂಲದವರಿಗೆ ಈ ದಾರಿಯೂ ಇನ್ನಷ್ಟು ಉದ್ದ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡದ ಕಾಡಂಚಿನ ಸಿದ್ದಿಗಳು ನಮ್ಮ ನಾಡಿನವರೇ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅದಕ್ಕೂ ಮೊದಲು, 1980ರ ದಶಕದಲ್ಲಿ ದೆಹಲಿಗೆ ಇವರ ನೆನಪಾದದ್ದು ಯಾಕೆ? ಒಲಿಂಪಿಕ್ಸ್ ಪದಕಕ್ಕಾಗಿ. ಆಫ್ರಿಕಾ ರಕ್ತ ಇದೆ, ಓಡಬಲ್ಲರು ಎಂದು ಕ್ರೀಡಾ ಪ್ರಾಧಿಕಾರ ಮಕ್ಕಳನ್ನು ಆರಿಸಿ ಹಾಸ್ಟೆಲಿಗೆ ಕರೆದೊಯ್ದಿತು. ಹರ್ಡಲ್ಸ್ ಓಡಿದ ಕಮಲಾ ಸಿದ್ದಿಯಂಥವರು ಹೆಸರೂ ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ಮುಚ್ಚಿತು, ಮಕ್ಕಳು ಊರಿಗೆ ಮರಳಿದರು. ನಿಜಾಮರಿಗೆ ಸಿದ್ದಿ ಅಂದರೆ ಕುದುರೆ ಮೇಲಿನ ಕಾವಲು, ದೆಹಲಿಗೆ ಓಟದ ಕಾಲು, ಉತ್ಸವ ನಡೆಸುವವರಿಗೆ ಡಮಾಮಿ ಕುಣಿತ. ದೇಹ ಎಲ್ಲರಿಗೂ ಬೇಕು, ಅವರ ನಾಲಗೆಯ ಚುರುಕು ಯಾರಿಗೂ ಬೇಡ.

ಬೇಕು ಎಂದವರು ರಂಗಭೂಮಿಯವರು. ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಗಳನ್ನೇ ಕಟ್ಟಿಕೊಂಡು ‘ಕಪ್ಪು ಜನ ಕೆಂಪು ನೆರಳು’ ಆಡಿಸಿದರು. ಅದು ನೈಜೀರಿಯಾದ ಚಿನುವಾ ಅಚಿಬೆಯ ಪ್ರಸಿದ್ಧ ಕಾದಂಬರಿಯ ರಂಗರೂಪ. ಆಫ್ರಿಕಾದ ಕತೆ, ಆಫ್ರಿಕಾ ಮೂಲದ ಮೈ, ಕನ್ನಡದ ಮಾತು. ಆ ಬಿತ್ತನೆಯ ಬೆಳೆ ಈಗ ಕಾಣುತ್ತಿದೆ. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯನ್ನು ನೀವು ‘ಪರಮಾತ್ಮ’ ಚಿತ್ರದಲ್ಲಿ ನೋಡಿರುತ್ತೀರಿ. ನೀನಾಸಂನಲ್ಲೇ ಕಲಿತ ಗಿರಿಜಾ ಸಿದ್ದಿ ನಟಿ, ಗಾಯಕಿ. 2021ರ ‘ಸಲಗ’ ಚಿತ್ರಕ್ಕಾಗಿ ಚರಣ್‌ರಾಜ್ ಸಂಗೀತದಲ್ಲಿ ಆಕೆ ಮತ್ತು ಸಂಗಡಿಗರು ಹಾಡಿದ ಸಿದ್ದಿ ಹಾಡಿಗೆ ಇಡೀ ಕರ್ನಾಟಕ ಹೆಜ್ಜೆ ಹಾಕಿತು. ಆ ವಿಡಿಯೊ ಇನ್ನೊಮ್ಮೆ ನೋಡಿ. ಕಣ್ಣಲ್ಲೇ ಕೀಟಲೆ ಮಾಡುವ, ತಾಳಕ್ಕೆ ಸರಿಯಾಗಿ ಮುಖ ತಿರುಗಿಸುವ ಆ ಹೆಂಗಸರಲ್ಲಿ ಹಾಸ್ಯದ ಟೈಮಿಂಗ್ ಹೇಗಿದೆ ಎಂದು ಯಾವ ನಿರ್ದೇಶಕನಿಗೂ ಕಾಣಬೇಕಿತ್ತು. ನಮ್ಮ ಸಿನಿಮಾ ಅವರಿಗೆ ಹಾಡು ಕೊಟ್ಟಿತು. ಇನ್ನು ಕತೆ ಕೊಡಬೇಕು.

ಅಂಥ ಕತೆ ಕೊಡಲು ಹೈದರಾಬಾದಿಗೆ ನೆಪವೂ ಇದೆ. 2025ರ ಮೇ 31ರ ರಾತ್ರಿ ಇಲ್ಲಿಯ ಹೈಟೆಕ್ಸ್ ಸಭಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಕಿರೀಟ ಥಾಯ್ಲೆಂಡಿಗೆ ಹೋಯಿತು, ಎರಡನೇ ಸ್ಥಾನ ಇಥಿಯೋಪಿಯಾದ ಹ್ಯಾಸೆಟ್ ಡೆರೆಜೆಗೆ. ಇಥಿಯೋಪಿಯಾ ಅಂದರೆ ಹಳೆಯ ಅಬಿಸೀನಿಯಾ, ಹಬ್ಶ್, ನಮ್ಮ ಹಬ್ಶಿಕೋಟಿನವರ ತವರು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ನನಗೂ ಖುಷಿಯಾಯಿತು. ಆದರೆ ಟೋಲಿಚೌಕಿಯಲ್ಲಿ ಬಾಡಿಗೆಗಿರುವ ಆಫ್ರಿಕಾದ ವಿದ್ಯಾರ್ಥಿನಿ ಮರುದಿನ ಕಿರಾಣಿ ಅಂಗಡಿಗೆ ಹೋದಾಗ ಅವಳ ಕೂದಲು ನೋಡಿ ಕಿಸಕ್ಕೆಂದ ಹುಡುಗರು ಹಿಂದಿನ ರಾತ್ರಿ ಚಪ್ಪಾಳೆ ತಟ್ಟಿದವರೇ ಆಗಿದ್ದರೂ ನನಗೆ ಅಚ್ಚರಿಯಿಲ್ಲ. ಸೌಂದರ್ಯವನ್ನು ಮೆಚ್ಚುವುದು ಸುಲಭ, ದೂರ ನಿಂತು ಮೆಚ್ಚಬಹುದು. ಒಬ್ಬರ ಜೋಕಿಗೆ ನಗಬೇಕಾದರೆ ಮಾತ್ರ ಅವರ ಮಾತಿಗೆ ಕಿವಿ ಕೊಡಲೇಬೇಕು.

ಅಣ್ಣನ ಮಗಳಿಗೆ ಇದೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕತಿ ರೆಡಿ ಅದ ಕಾಕಾ’ ಎಂದಳು. ಎ.ಸಿ. ಗಾರ್ಡ್ಸ್‌ನ ಸಿದ್ದಿ ಹುಡುಗಿ. ಅಜ್ಜ ಮರ್ಫಾ ಬಾರಿಸಿದವ. ಇವಳು ಅಂತರಿಕ್ಷ ಕಂಪನಿಯೊಂದರಲ್ಲಿ ನೈಟ್ ಶಿಫ್ಟಿನ ಸಪೋರ್ಟ್ ಕೆಲಸಕ್ಕೆ ಸೇರುತ್ತಾಳೆ. ಮಂಗಳ ಗ್ರಹದಲ್ಲಿ ವಸಾಹತು ಮಾಡಿದ ಶ್ರೀಮಂತರ ಮನೆಯ ಎ.ಸಿ. ಕೆಟ್ಟಿದೆ. ಕಂಪನಿಯ ಪಟ್ಟಿಯಲ್ಲಿ ಇವಳ ವಿಳಾಸ ಎ.ಸಿ. ಗಾರ್ಡ್ಸ್ ಎಂದಿರುವುದನ್ನು ನೋಡಿದ ಕಂಪ್ಯೂಟರು ಇವಳನ್ನೇ ಎ.ಸಿ. ರಿಪೇರಿಗೆ ರಾಕೆಟ್ ಹತ್ತಿಸಿ ಕಳಿಸುತ್ತದೆ. ನಾನು ಎಷ್ಟು ನಕ್ಕೆನೆಂದರೆ ಚಹಾ ಅಂಗಿಯ ಮೇಲೆ ಚೆಲ್ಲಿತು. ನೆಂಟರೆಲ್ಲ ಹೊಡೆಯುವ ಅದೇ ಹಳೆ ಜೋಕು, ಈಗ ಅದರಲ್ಲಿ ಪೆದ್ದಾದದ್ದು ಕಂಪ್ಯೂಟರು.

ಈ ಕತೆ ಯಾರಾದರೂ ಎತ್ತಿಕೊಳ್ಳಲಿ, ಹಕ್ಕು ಕೇಳುವುದಿಲ್ಲ ಎಂದಿದ್ದಾಳೆ. ನಾಯಕಿಯ ಪಾತ್ರಕ್ಕೆ ಬೆಳ್ಳಗಿನ ಹುಡುಗಿಗೆ ಮಸಿ ಬಳಿಯಬಾರದು ಎಂಬುದೊಂದೇ ಷರತ್ತು. ಎ.ಸಿ. ಗಾರ್ಡ್ಸ್‌ನಿಂದ ಬಂಜಾರಾ ಹಿಲ್ಸ್ ಕಡೆಯ ಸ್ಟುಡಿಯೊಗಳಿಗೆ, ಟ್ರಾಫಿಕ್ ಇಲ್ಲದಿದ್ದರೆ, ಆಟೊದಲ್ಲಿ ಇಪ್ಪತ್ತು ನಿಮಿಷ.